2024 ನಿಜಕ್ಕೂ ಒಳ್ಳೆಯ ವರ್ಷವಾ? ಶಹಾಪುರ ತಾಲ್ಲೂಕಿನ ಅಕ್ಕನ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ನಮ್ಮ ಪಂಚಾಯ್ತಿಯ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಪುಸ್ತಕ ಬರೆಯುವವಳು. 2025ರ ಜನವರಿ ಕೊನೆಗೆ ಒಕ್ಕೂಟದ ಸಭೆ ಇದೆ. 2024ರಲ್ಲಿ ಊರಿನ ಹೆಣ್ಣುಮಕ್ಕಳಿಗೆ ಏನೇನು ಒಳ್ಳೇದಾಯ್ತು ಅಂತ ನಾನು ವರದಿ ಓದಬೇಕು. ಬರೆಯಲು ಕೂತರೆ ತುಂಬಾ ಇದೆ. ಗೃಹಲಕ್ಷ್ಮಿ ದುಡ್ಡು ಬರುತ್ತಿದೆ. ಬಸ್ಸು ಪುಕ್ಕಟೆ ಆದ ಮೇಲೆ ಹುಡುಗಿಯರು ಶಹಾಪುರದ ಕಾಲೇಜಿಗೆ ದಿನಾ ಹೋಗಿ ಬರುತ್ತಾರೆ. ಉದ್ಯೋಗ ಖಾತರಿ ಕೆಲಸದಲ್ಲಿ ನಮ್ಮ ಸಂಘದವಳೇ ಕಾಯಕ ಬಂಧು, ಅಂದರೆ ಕೂಲಿಯವರ ಹಾಜರಿ ತೆಗೆಯುವವಳು, ಆಗಿದ್ದಾಳೆ. ಒಂದು ಬಾಲ್ಯವಿವಾಹ ನಿಲ್ಲಿಸಿದೆವು. ಆದರೆ ನಮ್ಮ ಭಾವನವರು ಪಂಚಾಯ್ತಿಯ ಮಾಜಿ ಮೆಂಬರು. "ಪುಕ್ಕಟ ಕೊಟ್ಟಿದ್ದಕ್ಕ ಸುಧಾರಣಾ ಅಂತಾರೇನು? ನಾಳೆ ಸರಕಾರ ಬದಲಾದ್ರ ಎಲ್ಲಾ ಹೋಗ್ತದ" ಅನ್ನುತ್ತಾರೆ. ಹೈಸ್ಕೂಲ್ ಸರ್ "ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಕಡೇ ನಂಬರು, ಇದೆಂಥ ಪ್ರಗತಿ?" ಅಂತ ಕೇಳುತ್ತಾರೆ. ಮದುವೆ ನಿಂತ ಹುಡುಗಿಯ ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಹುಡುಗಿ ಶಾಲೆ ಬಿಟ್ಟು ಮನೆಯಲ್ಲೇ ಇದ್ದಾಳೆ. ಒಳ್ಳೇದು ಬರೆದರೆ ಒಂದು ಪಕ್ಷದವಳು ಅಂತಾರೆ, ಬರೀ ಕೊರತೆ ಬರೆದರೆ ನಮ್ಮ ಹೆಣ್ಣುಮಕ್ಕಳಿಗೇ ಬೇಜಾರು. ನಾನು ಸುಮ್ನೆ ಖುಷಿಪಡುತ್ತಿದ್ದೀನಾ? ಏನು ಬರೆಯಲಿ?

ಉತ್ತರ: ಅಕ್ಕಾ, ಮೊದಲು ಒಂದು ಅವಸರದ ಮಾತು. ಆ ಹುಡುಗಿಯ ವಿಷಯ ನಿಮ್ಮ ಸಭೆಯವರೆಗೆ ಕಾಯುವಂಥದ್ದಲ್ಲ. ಅದರ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇನೆ. ಬೇಕಿದ್ದರೆ ಅದನ್ನೇ ಮೊದಲು ಓದಿ. ಉಳಿದದ್ದನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮನ್ನು ಕಾಡುತ್ತಿರುವುದು ಎರಡು ವಿಷಯ. ಆದದ್ದು ನಿಜವಾದ ಬದಲಾವಣೆಯಾ ಅನ್ನೋದು ಒಂದು. ಅದು ಉಳಿಯುತ್ತದಾ ಅನ್ನೋದು ಇನ್ನೊಂದು. ನಿಮ್ಮ ಭಾವನವರು ಇವೆರಡನ್ನೂ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟಿದ್ದಾರೆ, ಅದಕ್ಕೇ ನಿಮಗೆ ಉತ್ತರ ಹೊಳೆಯುತ್ತಿಲ್ಲ. ಬೇರೆ ಬೇರೆ ಮಾಡಿ ನೋಡೋಣ.

ಕಲಬುರಗಿ ವಿಭಾಗದ ಪಂಚಾಯ್ತಿ ಸದಸ್ಯರಿಗೆ, ಸಂಘದ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ವರ್ಷದ ಕೊನೆಗೆ ಎಷ್ಟೋ ವರದಿಗಳು ನನ್ನ ಕೈಗೆ ಬರುತ್ತವೆ. ಎಷ್ಟು ಖರ್ಚಾಯಿತು, ಎಷ್ಟು ಜನಕ್ಕೆ ಹಂಚಿದೆವು, ಬಹಳಷ್ಟರಲ್ಲಿ ಇಷ್ಟೇ ಇರುತ್ತದೆ. ನಾನು ಅವುಗಳಲ್ಲಿ ಹುಡುಕುವುದು ಬೇರೆ. ಹಿಂದೆ ಯಾರದೋ ಮನೆ ಬಾಗಿಲಲ್ಲಿ ಕೈಕಟ್ಟಿ ನಿಂತು ಕೇಳಬೇಕಿದ್ದ ಯಾವುದನ್ನು ಈ ವರ್ಷ ಹೆಣ್ಣುಮಕ್ಕಳು ತಲೆ ಎತ್ತಿ ಕೇಳಿದರು? ಕೇಳಿ ಪಡೆದದ್ದು ಮುಂದಿನ ವರ್ಷವೂ ಸಿಗುತ್ತದೆ ಅನ್ನಲು ಏನು ಆಧಾರ ಇದೆ? ಈ ಎರಡಕ್ಕೂ ಉತ್ತರ ಇದ್ದರೆ ಅದು ಪ್ರಗತಿ. ಮೊದಲನೆಯದಕ್ಕೆ ಮಾತ್ರ ಉತ್ತರ ಇದ್ದರೆ ಅದು ಒಳ್ಳೆಯ ವರ್ಷ, ಆದರೆ ಅದನ್ನು ಗಟ್ಟಿಮಾಡುವ ಕೆಲಸ ಇನ್ನೂ ಬಾಕಿ ಇದೆ.

ಇನ್ನೊಂದು ಎಚ್ಚರಿಕೆ. 2024ನ್ನು ಯಾವುದರ ಜೊತೆ ಹೋಲಿಸುತ್ತಿದ್ದೀರಿ ಅನ್ನುವುದನ್ನೂ ನೋಡಿ. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಅಂಥ ವರ್ಷದ ಪಕ್ಕ ಇಟ್ಟರೆ ಮಳೆ ಬಂದ ಯಾವ ವರ್ಷವೂ ಚೆನ್ನಾಗೇ ಕಾಣುತ್ತದೆ. ಸಂಘದ ಸಾಲ ಮರುಪಾವತಿ ಜಾಸ್ತಿ ಆಗಿದ್ದರೆ ಅದರಲ್ಲಿ ಮಳೆಯ ಪಾಲು ಎಷ್ಟು, ಹೆಣ್ಣುಮಕ್ಕಳ ದುಡಿಮೆಯ ಪಾಲು ಎಷ್ಟು ಅಂತ ಒಂದು ಸಾಲು ಬರೆಯಿರಿ. ಹಾಗೆ ಬರೆದ ವರದಿಯನ್ನು ಯಾರೂ ತಳ್ಳಿಹಾಕಲು ಬರುವುದಿಲ್ಲ.

ಈಗ ಪುಕ್ಕಟೆಯ ಮಾತು. ಗೃಹಲಕ್ಷ್ಮಿ ಬಂದ ಮೇಲೆ ಹೆಣ್ಣುಮಕ್ಕಳು ಕೂಲಿಗೆ ಬರುತ್ತಿಲ್ಲ, ಸೋಮಾರಿಗಳಾದರು ಅಂತ ನಿಮ್ಮೂರಲ್ಲೂ ಹೇಳುತ್ತಿರಬಹುದು. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 2,000 ರೂಪಾಯಿ ಅಂದರೆ ದಿನಕ್ಕೆ 67 ರೂಪಾಯಿ ಕೂಡ ಪೂರ್ತಿ ಆಗುವುದಿಲ್ಲ. 2024-25ಕ್ಕೆ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿ. ತಿಂಗಳ ಗೃಹಲಕ್ಷ್ಮಿ ಖಾತರಿಯ ಆರು ದಿನದ ಕೂಲಿಗೂ ಸಮ ಆಗುವುದಿಲ್ಲ. ಇದನ್ನು ನಂಬಿ ಯಾವ ತಾಯಿಯೂ ಮನೆಯಲ್ಲಿ ಕೂರುವುದಿಲ್ಲ.

ನಿಜವಾಗಿ ಆಗಿದ್ದು ಬೇರೆ. ಹತ್ತಿ ಬಿಡಿಸಲು ಕರೆದಾಗ "ಇಷ್ಟು ಕಮ್ಮಿಗೆ ಬರಾಂಗಿಲ್ರಿ" ಅನ್ನುವ ಧೈರ್ಯ ಬಂದಿದೆ. ಮೊದಲು ಆ ಮಾತು ಆಡಿದರೆ ಮರುದಿನ ಒಲೆ ಉರಿಯುತ್ತಿರಲಿಲ್ಲ. ಈಗ ಮನೆಯಲ್ಲಿ ನಾಲ್ಕು ದಿನಕ್ಕೆ ಆಗುವಷ್ಟು ಇದೆ, ಹಾಗಾಗಿ ಚೌಕಾಸಿ ಮಾಡುತ್ತಾಳೆ. ಕೂಲಿ ಕೊಡುವವರಿಗೆ ಇದು ಕಷ್ಟವೇ, ಅದರಲ್ಲೂ ಮೂರ್ನಾಲ್ಕು ಎಕರೆಯ ಸಣ್ಣ ರೈತರಿಗೆ. ಅವರ ಸಂಕಟವನ್ನು ಹಗುರ ಮಾಡಬೇಡಿ. ಆದರೆ ಕೂಲಿ ಮಾಡುವವಳ ಕಡೆಯಿಂದ ನೋಡಿದರೆ, ಇಲ್ಲ ಅನ್ನಲು ಬರುವುದೇ ಒಂದು ದೊಡ್ಡ ಬದಲಾವಣೆ.

ಇದರ ಜೊತೆಗೇ ಒಂದು ಅಪಾಯವೂ ಇದೆ, ಅದನ್ನು ಸಭೆಯಲ್ಲಿ ಹೇಳಲೇಬೇಕು. ತಿಂಗಳಿಗೆ ಇಷ್ಟು ಬರುತ್ತದೆ ಅಂತ ಗೊತ್ತಾದ ಕೂಡಲೇ ವಾರದ ಸಾಲದವರು ಮನೆ ಬಾಗಿಲಿಗೆ ಬರುತ್ತಾರೆ. ಬರಬೇಕಾದ 2,000ದ ಮೇಲೆ ಹೊಸ ಸಾಲ, ಆ ಸಾಲದ ಕಂತಿಗೆ ಇನ್ನೊಂದು ಸಾಲ. ಗೃಹಲಕ್ಷ್ಮಿ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬಂದದ್ದು ನಿಮಗೇ ಗೊತ್ತು. ಕಂತು ಮಾತ್ರ ವಾರ ವಾರವೂ ಕಟ್ಟಬೇಕು. ಈ ಸುಳಿಗೆ ಸಿಕ್ಕವರು ನಿಮ್ಮ ಸಂಘಗಳಲ್ಲಿ ಎಷ್ಟು ಜನ ಅಂತ ನಿಮ್ಮ ಪುಸ್ತಕವೇ ಹೇಳುತ್ತದೆ. ಒಕ್ಕೂಟದ ಕಂತನ್ನು ಈ ಹಣದಿಂದಲೇ ಹಿಡಿದುಕೊಳ್ಳೋಣ ಅಂತ ಕೆಲವರು ಸಲಹೆ ಕೊಡಬಹುದು. ವಸೂಲಿ ಸುಲಭ ಆಗುತ್ತದೆ, ನಿಜ. ಆದರೆ ಅವಳ ಹಣದ ಮೇಲಿನ ಅವಳ ತೀರ್ಮಾನವನ್ನು ನೀವೇ ಕಿತ್ತುಕೊಂಡ ಹಾಗೆ ಆಗುತ್ತದೆ. ಅವಳೇ ಒಪ್ಪಿ ಕಟ್ಟಿದರೆ ಸರಿ, ಒತ್ತಾಯ ಮಾತ್ರ ಬೇಡ.

ಬಸ್ಸಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ನಮ್ಮ ಕಡೆ ಹುಡುಗಿಯರ ಓದು ಹತ್ತನೇ ಕ್ಲಾಸಿಗೆ ನಿಲ್ಲಲು ದುಡ್ಡು ಒಂದು ಕಾರಣ, ಭಯ ಇನ್ನೊಂದು. ಟಿಕೆಟ್ ದುಡ್ಡು ತಪ್ಪಿದ್ದಕ್ಕೆ ಒಬ್ಬಳ ಬದಲು ಎಂಟು ಹತ್ತು ಹುಡುಗಿಯರು ಕೂಡಿ ಹೊರಟರು. ಗುಂಪಾಗಿ ಹೊರಟದ್ದಕ್ಕೆ ಮನೆಯವರ ಭಯವೂ ಕಮ್ಮಿ ಆಯಿತು. ಆದರೆ ಸಂಜೆ ಬಸ್ಸು ತಪ್ಪಿದರೆ, ಇಲ್ಲಾ ತುಂಬಿದ ಬಸ್ಸು ನಿಮ್ಮ ಸ್ಟಾಪಿನಲ್ಲಿ ನಿಲ್ಲದೇ ಹೋದರೆ, ಆ ಭಯ ಒಂದೇ ದಿನದಲ್ಲಿ ವಾಪಸ್ ಬರುತ್ತದೆ. "ಇನ್ನು ಸಾಕು, ಮನೆಯಲ್ಲಿರು" ಅನ್ನುವ ಮಾತು ಹುಟ್ಟುವುದು ಹಾಗೇ. ಸಂಜೆ ಯಾವ ಹೊತ್ತಿನ ಬಸ್ಸು ಬೇಕು ಅಂತ ಹುಡುಗಿಯರ ಕೈಯಲ್ಲೇ ಬರೆಸಿ. ಅವರ ಸಹಿ, ಒಕ್ಕೂಟದ ಸೀಲು ಹಾಕಿ ಡಿಪೋ ಮ್ಯಾನೇಜರಿಗೆ ಕೊಡಿ.

ಈಗ ಹೈಸ್ಕೂಲ್ ಸರ್ ಮಾತು. ಅವರು ಹೇಳಿದ ಅಂಕಿ ಸರಿ ಇದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆ. ಪಾಸಾದವರು ನೂರಕ್ಕೆ 50.59. ಹಿಂದಿನ ವರ್ಷ 75.49 ಇತ್ತು. ಒಂದೇ ವರ್ಷದಲ್ಲಿ 25 ಅಂಕ ಬಿದ್ದದ್ದನ್ನು ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ನಮ್ಮ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರು ಅಂತ ಯಾರೂ ತಿಳಿಯಬಾರದು.

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು. ವೆಬ್‌ಕಾಸ್ಟಿಂಗ್ ಮಾಡಿ ಕೂತಲ್ಲಿಂದಲೇ ನಿಗಾ ಇಟ್ಟರು. ನಕಲು ನಿಂತಿತು, ಇಡೀ ರಾಜ್ಯದ ಫಲಿತಾಂಶ ಕುಸಿಯಿತು. ಕೃಪಾಂಕ ಜಾಸ್ತಿ ಕೊಟ್ಟ ಮೇಲೂ ರಾಜ್ಯದ ಫಲಿತಾಂಶ 73.40ಕ್ಕೆ ಬಂತು. ಹಿಂದಿನ ವರ್ಷ ಅದು 83.89 ಇತ್ತು. ಎಲ್ಲಿ ಕಲಿಕೆ ತೆಳ್ಳಗಿತ್ತೋ ಅಲ್ಲಿ ಪೆಟ್ಟು ಜೋರಾಗಿ ಬಿತ್ತು. ಅಂದರೆ ಆ 75ರಲ್ಲಿ ಒಂದು ಪಾಲು ಮೊದಲಿಂದಲೂ ಟೊಳ್ಳಾಗಿತ್ತು, ಈಗ ಕಣ್ಣಿಗೆ ಕಂಡಿದೆ. ಕಂಡದ್ದು ಒಳ್ಳೆಯದೇ ಅನ್ನುವವಳು ನಾನು. ಬರೆಯಲು ಬಾರದ ಹುಡುಗಿಗೆ ಪಾಸಾದ ಹಾಳೆ ಕೊಟ್ಟು ಪಿಯುಸಿಗೆ ಕಳಿಸುತ್ತಿದ್ದೆವು. ಅವಳು ಅಲ್ಲಿ ಒದ್ದಾಡಿ, ನಾಚಿಕೊಂಡು, ಓದು ಬಿಟ್ಟು ಬರುತ್ತಿದ್ದಳು. ಆ ಮೋಸ ಇನ್ನು ಮುಂದೆ ಕಷ್ಟ.

ಕಲಿಕೆ ತೆಳ್ಳಗಿರುವುದಕ್ಕೆ ಕಾರಣಗಳು ನಿಮಗೆ ಹೊಸವಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲೇ ಕಮ್ಮಿ. ಹೆಣ್ಣುಮಕ್ಕಳಲ್ಲಿ ಅದು 41ರ ಆಸುಪಾಸು. ಅಂದರೆ ಇವತ್ತು ಹತ್ತನೇ ಕ್ಲಾಸಿನಲ್ಲಿ ಕೂತಿರುವ ಎಷ್ಟೋ ಮಕ್ಕಳ ತಾಯಂದಿರಿಗೆ ಓದು ಬರುವುದಿಲ್ಲ. ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುತ್ತಾರೆ. ಮಗುವೂ ಜೊತೆಗೆ ಹೋಗುತ್ತದೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿದು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತದೆ. ಶಾಲೆಯಲ್ಲಿ ಗಣಿತ, ಇಂಗ್ಲಿಷ್ ಹೇಳುವವರು ಅರ್ಧ ವರ್ಷ ಇರುವುದಿಲ್ಲ. ಇದನ್ನೆಲ್ಲ ಬಿಟ್ಟು ಮಕ್ಕಳನ್ನು ಬೈದರೆ ಏನು ಬಂತು?

ಹಾಗಾಗಿ ವರದಿಯಲ್ಲಿ ಜಿಲ್ಲೆಯ ಅಂಕಿ ಮುಚ್ಚಿಡಬೇಡಿ, ಹಾಕಿ. ಅದರ ಪಕ್ಕದಲ್ಲಿ ನಿಮ್ಮ ಊರಿನ ಲೆಕ್ಕ ಬರೆಯಿರಿ. ಎಷ್ಟು ಹುಡುಗಿಯರು ಪರೀಕ್ಷೆಗೆ ಕೂತರು, ಎಷ್ಟು ಜನ ಫೇಲಾದರು. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ಇವೆ. ಫೇಲಾದವರಲ್ಲಿ ಎಷ್ಟು ಜನ ಎರಡನೇ, ಮೂರನೇ ಪರೀಕ್ಷೆ ಕಟ್ಟಿದರು, ಕಟ್ಟದವರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಮನೆ ಮನೆಗೆ ಹೋಗಲೇಬೇಕು. ನಮ್ಮ ಜಿಲ್ಲೆಗಳಲ್ಲಿ ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಮನೆಯಲ್ಲಿ ಉಳಿದ ಹುಡುಗಿಗೆ ಮುಂದಿನ ಬೇಸಿಗೆಯೊಳಗೆ ಗಂಡು ಹುಡುಕುವುದನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಉಳಿಯುತ್ತದಾ ಅನ್ನುವ ಪ್ರಶ್ನೆ. ಇಲ್ಲಿ ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನೀವು ಪಟ್ಟಿ ಮಾಡಿದ ಎಲ್ಲವೂ ಒಂದೇ ಬಗೆಯ ನೆಲದ ಮೇಲೆ ನಿಂತಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದದ್ದು ಸಂವಿಧಾನದಲ್ಲೇ ಇರುವುದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಅಂಥದ್ದು. 2012ರ ಕೊನೆಗೆ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಗೆ ಬಂತು. ಈ ಭಾಗದ ವಿಶ್ವವಿದ್ಯಾಲಯ, ವೃತ್ತಿ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು. ಇಲ್ಲಿನ ಸರಕಾರಿ ಹುದ್ದೆಗಳಲ್ಲಿ ಸಿ ಗ್ರೂಪಿನಲ್ಲಿ 80, ಡಿ ಗ್ರೂಪಿನಲ್ಲಿ 85ರಷ್ಟು ಮೀಸಲು. ಯಾವ ಸರಕಾರ ಬಂದರೂ ಇದನ್ನು ಒಂದು ಆದೇಶದಲ್ಲಿ ತೆಗೆದುಹಾಕಲು ಬರುವುದಿಲ್ಲ. ಇದರ ಹಿಂದೆ ಎಷ್ಟು ವರ್ಷದ ಹೋರಾಟ ಇದೆ ನೋಡಿ. 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತ್ತು. ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಅಲ್ಲಿಂದ 371(ಜೆ)ಗೆ ಹತ್ತು ವರ್ಷ. 371(ಜೆ) ಬಂದಾಗ ಎರಡನೇ ಕ್ಲಾಸಿನಲ್ಲಿದ್ದ ಹುಡುಗಿ ಕಲಬುರಗಿಯ ಜಿಮ್ಸ್‌ಗೋ ಬೀದರಿನ ಬ್ರಿಮ್ಸ್‌ಗೋ ಡಾಕ್ಟರ್ ಓದಿನ ಸೀಟು ಕೇಳುವ ವಯಸ್ಸಿಗೆ ಬರಲು ಮತ್ತೆ ಹತ್ತು ವರ್ಷ. ಒಂದೇ ವರ್ಷದಲ್ಲಿ ಏನಾಯ್ತು ಅಂತ ಕೇಳುವವರು ತೊಗರಿ ಬಿತ್ತಿದ ತಿಂಗಳಿಗೇ ರಾಶಿ ಎಲ್ಲಿ ಅಂತ ಕೇಳಿದ ಹಾಗೆ. ಆದರೆ ಈ ಹಕ್ಕು ಸಿಗಬೇಕಾದರೆ ಅರ್ಹತಾ ಪ್ರಮಾಣಪತ್ರ ಬೇಕು. ಅದನ್ನು ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು. ಎಷ್ಟೋ ಮನೆಯವರು ಇದನ್ನು ಸೀಟಿನ ಕೊನೇ ತಾರೀಖಿಗೆ ನೆನಪಿಸಿಕೊಂಡು ಓಡಾಡುತ್ತಾರೆ. ನಿಮ್ಮ ಊರಿನ ಪಿಯುಸಿ ಹುಡುಗಿಯರಲ್ಲಿ ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಅಂತ ಈಗಲೇ ಪಟ್ಟಿ ಮಾಡಿ.

ಎರಡನೇ ಬಗೆ ಕಾನೂನಿನ ಮೇಲೆ ನಿಂತದ್ದು. 2024ರಲ್ಲಿ ಉದ್ಯೋಗ ಖಾತರಿ ನಿಂತಿದ್ದು 2005ರ ಕಾನೂನಿನ ಮೇಲೆ. ಪಡಿತರಕ್ಕೆ 2013ರ ಆಹಾರ ಭದ್ರತಾ ಕಾನೂನಿನ ಆಧಾರ ಇದೆ. ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಸೀಟು ಅನ್ನುವುದೂ ರಾಜ್ಯದ ಕಾನೂನಿನಲ್ಲೇ ಇದೆ. ಕಾನೂನು ಇದ್ದರೂ ಕೇಳದಿದ್ದರೆ ಸಿಗುವುದಿಲ್ಲ. ಆ 2005ರ ಖಾತರಿ ಕಾನೂನಿನ ಪ್ರಕಾರ ನಮೂನೆ 6 ತುಂಬಿ ಕೆಲಸ ಕೇಳಿದ ತಾರೀಖಿನಿಂದ 15 ದಿನದಲ್ಲಿ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ಆ ತಾರೀಖು ಎಲ್ಲಿಯೂ ದಾಖಲಾಗುವುದಿಲ್ಲ. ನಿಮ್ಮ ಕಾಯಕ ಬಂಧು ಅಕ್ಕನಿಗೆ ಹೇಳಿ, ಅರ್ಜಿ ಕೊಟ್ಟವರೆಲ್ಲರ ಹತ್ತಿರ ರಸೀದಿ ಇರಬೇಕು. ಹೆಣ್ಣುಮಗಳೊಬ್ಬಳು ಕಾಯಕ ಬಂಧು ಆಗಿ ಹಾಜರಿ ತೆಗೆಯುವುದು ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಿಲ್ಲ. ಮೊದಲು ಆ ಹಾಜರಿ ಪುಸ್ತಕ ಯಾರ ಬಗಲಲ್ಲಿ ಇರುತ್ತಿತ್ತು ಅಂತ ಊರಿಗೇ ಗೊತ್ತು.

ಮೂರನೇ ಬಗೆ ಸರಕಾರದ ಆದೇಶದ ಮೇಲೆ ನಿಂತದ್ದು. ಶಕ್ತಿ, ಗೃಹಲಕ್ಷ್ಮಿ ಇಲ್ಲಿ ಬರುತ್ತವೆ. ಇವು ಬದಲಾಗಬಹುದು ಅನ್ನುವುದು ನಿಜ. ಆದರೆ ಯೋಜನೆ ನಿಂತರೆ ಎಲ್ಲಾ ಹೋಗುತ್ತದೆ ಅನ್ನುವುದು ನಿಜ ಅಲ್ಲ. ತನ್ನ ಹೆಸರಿನ ಬ್ಯಾಂಕ್ ಖಾತೆಗೆ ತಾನೇ ಹೋಗಿ ಹಣ ತೆಗೆದವಳಿಗೆ ಬ್ಯಾಂಕಿನ ದಾರಿ ಮರೆತುಹೋಗುವುದಿಲ್ಲ. ಕಾಲೇಜಿಗೆ ಎರಡು ವರ್ಷ ಹೋಗಿ ಪಿಯುಸಿ ಮುಗಿಸಿದವಳ ಮಾರ್ಕ್ಸ್ ಕಾರ್ಡು ವಾಪಸ್ ಹೋಗುವುದಿಲ್ಲ. ಹಾಗಾಗಿ ಈ ಯೋಜನೆಗಳು ಇರುವಷ್ಟು ದಿನದಲ್ಲಿ ಏನನ್ನು ಶಾಶ್ವತ ಮಾಡಿಕೊಂಡಿರಿ ಅಂತ ವರದಿಯಲ್ಲಿ ಬರೆಯಿರಿ. ಯಾರು ಕಾಲೇಜು ಸೇರಿದರು, ಯಾರು ಹೊಲಿಗೆ ಮಷೀನು ತಗೊಂಡರು, ಯಾರು ಅಡವಿಟ್ಟ ಬಂಗಾರ ಬಿಡಿಸಿದರು.

ನಾಲ್ಕನೆಯದು ಒಬ್ಬರ ಒಳ್ಳೆಯತನದ ಮೇಲೆ ನಿಂತದ್ದು. ಪಿಡಿಒ ಒಳ್ಳೆಯವರು ಬಂದಿದ್ದಾರೆ, ಕೆಲಸ ಆಗುತ್ತಿದೆ, ಇಂಥ ಮಾತು ಎಲ್ಲಾ ಕಡೆ ಕೇಳುತ್ತೇನೆ. ಅವರು ವರ್ಗ ಆಗಿ ಹೋದರೆ? ಇದನ್ನು ಗಟ್ಟಿಮಾಡುವ ದಾರಿ ಒಂದೇ, ಕಾಗದ. ಚಿತ್ತಾಪುರ ಕಡೆಯ ಒಂದು ತಾಂಡಾದ ತಾಯಿ ತರಬೇತಿಗೆ ಬಂದಾಗ ಗ್ರಾಮಸಭೆಯ ನಡಾವಳಿಯ ಜೆರಾಕ್ಸ್ ತಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು, ಮಡಿಕೆ ಬಿದ್ದಲ್ಲಿ ಟೇಪು ಹಚ್ಚಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ತಾಂಡಾದ ನೀರಿನ ಪೈಪಿನ ಸಾಲು ಎಷ್ಟನೆಯದು ಅಂತ ಎಣಿಸಿ ಇಟ್ಟುಕೊಂಡಿದ್ದರು, ಬೆರಳಿಟ್ಟು ತೋರಿಸಿದರು. ಮೊದಲಿನ ಪಿಡಿಒ ಹೋಗಿ ಹೊಸಬರು ಬಂದಾಗ ಅದೇ ಹಾಳೆ ತೋರಿಸಿ ಕೆಲಸ ಶುರು ಮಾಡಿಸಿದ್ದರು. ಯಾವ ಮೆಂಬರ ಮನೆಗೂ ಹೋಗಲಿಲ್ಲ.

ರಾಜಕೀಯದ ಮಟ್ಟದಲ್ಲಿ 2024ರಲ್ಲಿ ನಮ್ಮ ಭಾಗಕ್ಕೆ ಸಂತೋಷಪಡುವಂಥದ್ದು ಆಗಿದೆ. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲೇ ಸಚಿವ ಸಂಪುಟ ಸಭೆ ನಡೆಯಿತು. ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಶುರುವಾಯಿತು. 371(ಜೆ) ನೆನಪಿಗೆ ಅದಕ್ಕೆ 371 ಹಾಸಿಗೆ ಇಟ್ಟಿದ್ದಾರೆ. ಎದೆನೋವು ಬಂದರೆ ಸೋಲಾಪುರ, ಹೈದರಾಬಾದ್ ಅಂತ ಗಾಡಿ ಮಾಡಿಕೊಂಡು ಓಡಿದ ಮನೆಯವರಿಗೆ ಇದರ ಬೆಲೆ ಗೊತ್ತು. ಇದನ್ನು ಬರೆದರೆ ಪಕ್ಷ ಕಟ್ಟಿದ ಹಾಗೆ ಆಗುವುದಿಲ್ಲ. ಆದರೆ ಇನ್ನೊಂದನ್ನೂ ಅದರ ಕೆಳಗೇ ಬರೆಯಿರಿ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಚುನಾವಣೆ ಆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅಲ್ಲಿಂದ 2024 ಮುಗಿಯುವವರೆಗೂ ಅಲ್ಲಿ ನಿಮ್ಮ ಪರವಾಗಿ ಕೂತು ಮಾತಾಡುವ ಚುನಾಯಿತ ಸದಸ್ಯರೇ ಇರಲಿಲ್ಲ. ಅರ್ಧ ಸೀಟು ಹೆಣ್ಣುಮಕ್ಕಳಿಗೆ ಅಂತ ಕಾನೂನು ಇದೆ, ಕುರ್ಚಿಯೇ ಖಾಲಿ ಇತ್ತು. ಇದು ನನಗೆ ಬಹಳ ಸಂಕಟದ ವಿಷಯ. ತಾಲ್ಲೂಕಿನ ಹಾಸ್ಟೆಲು, ಅಂಗನವಾಡಿ, ಶಾಲೆಯ ಮಾತು ಎತ್ತಬೇಕಾದ ಜಾಗ ಅದೇ ಅಲ್ವಾ?

ಈಗ ಆ ಹುಡುಗಿ. ನೀವು ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆ ನಿಲ್ಲಿಸಿದ್ದು ಅರ್ಧ ಕೆಲಸ. ನನ್ನ ಅನುಭವದಲ್ಲಿ ಅಧಿಕಾರಿಗಳು ಬರುತ್ತಾರೆ, ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಚಪ್ಪರ ಬಿಚ್ಚಿಸುತ್ತಾರೆ, ಹೋಗುತ್ತಾರೆ. ವರದಿಯಲ್ಲಿ ಒಂದು ಮದುವೆ ತಡೆದ ಲೆಕ್ಕ ಸೇರುತ್ತದೆ. ಸ್ವಲ್ಪ ದಿನ ಬಿಟ್ಟು ನಸುಕಿನಲ್ಲಿ ದೂರದ ಗುಡಿಯಲ್ಲೋ, ಗಡಿ ದಾಟಿ ತೆಲಂಗಾಣದ, ಮಹಾರಾಷ್ಟ್ರದ ಸಂಬಂಧಿಕರ ಊರಿನಲ್ಲೋ ತಾಳಿ ಕಟ್ಟಿಸಿಬಿಡುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು 2015-16ರಲ್ಲಿ ನೂರಕ್ಕೆ 21.4, 2019-21ರಲ್ಲಿ 21.3. ನಾಲ್ಕು ವರ್ಷದಲ್ಲಿ ಅಲ್ಲಾಡಲೇ ಇಲ್ಲ. ಇಂಥ ಕದ್ದುಮುಚ್ಚಿದ ಮದುವೆಗಳೂ ಅದರಲ್ಲಿ ಸೇರಿವೆ.

ಆ ಅಪ್ಪ ಅಮ್ಮ ಕೆಟ್ಟವರು ಅಂತ ತಿಳಿಯಬೇಡಿ. ಅವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ಭಯ. ದುಡಿಯಲು ಊರು ಬಿಟ್ಟು ಹೋಗಬೇಕು, ವಯಸ್ಸಿಗೆ ಬಂದ ಮಗಳನ್ನು ಯಾರ ಹತ್ತಿರ ಬಿಡುವುದು? ಓದು ನಿಂತಿದೆ, ಮನೆಯಲ್ಲಿ ಇಟ್ಟುಕೊಂಡರೆ ಜನ ಏನಂತಾರೆ? ಎರಡು ವರ್ಷ ತಡೆದರೆ ವರದಕ್ಷಿಣೆ ಜಾಸ್ತಿ ಕೇಳುತ್ತಾರೆ. ಈ ಮೂರಕ್ಕೂ ನೀವು ಉತ್ತರ ಕೊಡದಿದ್ದರೆ ಕಾನೂನು ಒಂದೇ ಅವಳನ್ನು ಕಾಯಲಾರದು.

ನಿಮ್ಮ ಮುಂದೆ ಮೂರು ದಾರಿ ಇವೆ. ಒಂದು, ಅವಳು ಮನೆಯಲ್ಲೇ ಇದ್ದು ಮತ್ತೆ ಶಾಲೆಗೆ ಹೋಗುವುದು. ಮನೆಯವರ ಸಿಟ್ಟು ಬೇಗ ಇಳಿಯುತ್ತದೆ, ಆದರೆ ಅಪ್ಪ ಅಮ್ಮ ಗುಳೆ ಹೋಗುವ ಮನೆಯಾದರೆ ಇದು ಅಪಾಯ. ಅವರ ಜೊತೆ ಹೊರಟಳು ಅಂದರೆ ನಿಮ್ಮ ಕಣ್ಣಳತೆ ತಪ್ಪಿತು. ಎರಡು, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಥವಾ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಹಾಸ್ಟೆಲು. ನನಗೆ ಇದೇ ಸರಿ ಅನ್ನಿಸುತ್ತದೆ. ಊಟ, ವಸತಿ, ಓದು ಮೂರೂ ಒಂದೇ ಕಡೆ ಆಗುತ್ತದೆ, ಯಾರ ಹತ್ತಿರ ಬಿಡುವುದು ಅನ್ನುವ ಪ್ರಶ್ನೆ ಹೋಗುತ್ತದೆ. ಆದರೆ ವರ್ಷದ ನಡುವೆ ಸೀಟು ಸಿಗುವುದು ಕಷ್ಟ. ಜೊತೆಗೆ ಯುಗಾದಿ ರಜೆಗೆ, ಬೇಸಿಗೆ ರಜೆಗೆ ಮನೆಗೆ ಬಂದಾಗಲೇ ಮದುವೆ ಮಾಡಿಬಿಡುವುದುಂಟು. ಆ ವಾರಗಳಲ್ಲಿ ಸಂಘದವರು ವಾರಕ್ಕೊಮ್ಮೆ ಮನೆಗೆ ಹೋಗಿ ಮಾತಾಡಿಸಬೇಕು. ಮೂರು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಬಾಲಮಂದಿರಕ್ಕೆ ಕಳಿಸುವುದು. ಹೊಡೆತ ಬಡಿತ ಇದ್ದರೆ, ಮತ್ತೆ ಮದುವೆಯ ತಯಾರಿ ನಡೆದಿದ್ದರೆ ಇದಕ್ಕೆ ಹಿಂಜರಿಯಬೇಡಿ. ಇಲ್ಲದಿದ್ದರೆ ಮೊದಲ ಹೆಜ್ಜೆಯಾಗಿ ಇದು ಬೇಡ. ಮನೆ ಬಿಡಿಸಿದರು ಅನ್ನುವ ನೋವು ಹುಡುಗಿಗೂ ಉಳಿಯುತ್ತದೆ.

ಯಾವ ದಾರಿ ಅಂತ ಅವಳನ್ನೇ ಕೇಳಿ. ಬೇರೆ ಯಾರೂ ಇಲ್ಲದಾಗ, ಅವಳು ನಂಬುವ ಒಬ್ಬ ಹೆಣ್ಣುಮಗಳು ಕೂತು ಕೇಳಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿರುವ ಹುಟ್ಟಿದ ತಾರೀಖಿನ ಪ್ರತಿ ತೆಗೆದಿಟ್ಟುಕೊಳ್ಳಿ. ಆಧಾರದಲ್ಲಿ ವಯಸ್ಸು ತಿದ್ದಿಸಿ ತರುವವರಿದ್ದಾರೆ, ವಯಸ್ಸಿನ ಪ್ರಶ್ನೆ ಎದ್ದರೆ ಸಮಿತಿ ಮೊದಲು ನೋಡುವುದು ಶಾಲೆಯ ದಾಖಲೆ. ಮನೆಯವರಿಗೆ ಕಾನೂನನ್ನು ಹೆದರಿಸುವ ದನಿಯಲ್ಲಿ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ. ಬಾಲ್ಯವಿವಾಹಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮಾಡಿಸಿದವರೂ ಕೇಸಿಗೆ ಬರುತ್ತಾರೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಅನುಮಾನ ಬಂದ ರಾತ್ರಿಯೇ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ಫೋನ್ ಮಾಡಿದವರ ಹೆಸರು ಹೊರಗೆ ಬರಬಾರದು ಅಂತ ಮೊದಲೇ ಹೇಳಿ.

ಸಭೆಯಲ್ಲಿ ಮಾತ್ರ ಈ ಹುಡುಗಿಯ ಹೆಸರು, ಮನೆತನ, ಓಣಿ ಏನೂ ಬರಬಾರದು. "ಒಂದು ಮದುವೆ ನಿಲ್ಲಿಸಿದೆವು" ಅಂತ ಕೂಡ ಓದಬೇಡಿ, ಊರಿಗೆ ಯಾರು ಅಂತ ಗೊತ್ತೇ ಇದೆ. ಅದರ ಬದಲು "ನಮ್ಮ ಪಂಚಾಯ್ತಿಯಲ್ಲಿ 18ರ ಒಳಗಿನ ಇಷ್ಟು ಹುಡುಗಿಯರು ಶಾಲೆ ಬಿಟ್ಟಿದ್ದಾರೆ, ಅವರಲ್ಲಿ ಇಷ್ಟು ಜನಕ್ಕೆ ಹಾಸ್ಟೆಲು ಬೇಕು" ಅಂತ ಓದಿ. ಹೊಗಳಿಕೆ ಸಿಗದೇ ಹೋಗಬಹುದು. ಹುಡುಗಿ ಉಳಿಯುತ್ತಾಳೆ, ಮನೆಯವರೂ ಮಾತಿಗೆ ಬರುತ್ತಾರೆ.

ಪಕ್ಷದ ಭಯಕ್ಕೆ ನನ್ನ ಸಲಹೆ ಸುಲಭದ್ದು. ನಾಯಕರ ಹೆಸರು, ಪಕ್ಷದ ಹೆಸರು ಒಂದೂ ಬೇಡ. ಯೋಜನೆಯ ಹೆಸರು, ಆಧಾರ ಆದೇಶವೋ ಕಾನೂನೋ, ನಮ್ಮೂರಲ್ಲಿ ಎಷ್ಟು ಜನಕ್ಕೆ ತಲುಪಿತು, ಎಷ್ಟು ಜನಕ್ಕೆ ತಲುಪಲಿಲ್ಲ, ಇಷ್ಟೇ ಇರಲಿ. ಗೃಹಲಕ್ಷ್ಮಿ ಅರ್ಜಿ ಹಾಕಿಯೂ ಬಾರದವರ ಲೆಕ್ಕ ಓದಿದರೆ ಇವಳು ಸರಕಾರದ ಕಡೆಯವಳು ಅಂತ ಯಾರೂ ಅನ್ನಲಾರರು. ಬಂದವರ ಲೆಕ್ಕ ಓದಿದರೆ ವಿರೋಧಿ ಅಂತಲೂ ಅನ್ನಲಾರರು. ಭಾವನವರನ್ನೂ ಸಭೆಗೆ ಕರೆಯಿರಿ. ಪಂಚಾಯ್ತಿ ಬಲ್ಲವರು, ಖಾತರಿ ಬಾಕಿ ಕೂಲಿಯ ವಿಷಯ ಅವರಿಂದಲೇ ಹೇಳಿಸಿದರೆ ಇನ್ನೂ ಒಳ್ಳೇದು.

ವರದಿಯ ಕೊನೆಗೆ ಮೂರೇ ಬೇಡಿಕೆ ಇಡಿ, ಹತ್ತು ಬೇಡ. ಸಂಜೆಯ ಬಸ್ಸು, ಶಾಲೆ ಬಿಟ್ಟ ಹುಡುಗಿಯರಿಗೆ ಹಾಸ್ಟೆಲು, ನಮೂನೆ 6ರ ರಸೀದಿ. ಪ್ರತಿಯೊಂದರ ಮುಂದೆ ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಅಂತ ಇರಲಿ. ಒಕ್ಕೂಟದ ಸಭೆಯಲ್ಲಿ ಠರಾವು ಮಾಡಿ ಪಂಚಾಯ್ತಿಗೆ ಕೊಡಿ, ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಅದನ್ನೇ ಬರೆಸಿ, ನಡಾವಳಿಯ ಪ್ರತಿ ಕೇಳಿ ತಗೊಳ್ಳಿ.   ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಸಹಿ, ಸೀಲು, ತಾರೀಖು ಬೀಳುವವರೆಗೆ ಪಂಚಾಯ್ತಿ ಆಫೀಸಿನಿಂದ ಎದ್ದು ಬರಬೇಡಿ.